ಚೌರಿ ಕಟ್ಟಿದ ಫೋಟೊ

ನಿಜ್ವಾ, ಒಮಾನ್
20 ಸೆಪ್ಟೆಂಬರ್ 1992

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಈ ಹಾಳೆಯನ್ನು ಅವ್ವನ ಮುಂದೆ ಗಟ್ಟಿಯಾಗಿ ಓದಬೇಡ. ಅವಳಿಗೆ ಬೇರೆ ಹಾಳೆ ಇಟ್ಟಿದ್ದೇನೆ. ಅದರಲ್ಲಿ ಊಟ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ, ಖರ್ಜೂರದ ಮರ ಕೂಡ ಚೆನ್ನಾಗಿದೆ ಎಂದು ಬರೆದಿದ್ದೇನೆ. ಇದು ನಿನಗೆ ಮಾತ್ರ.

ಕೆಲಸ ಚೆನ್ನಾಗಿರುವುದು ಸುಳ್ಳಲ್ಲ. ಕ್ಲಿನಿಕ್ಕಿನಲ್ಲಿ ಡ್ರೆಸ್ಸಿಂಗ್ ಮಾಡುತ್ತೇನೆ, ಇಂಜೆಕ್ಷನ್ ಕೊಡುತ್ತೇನೆ, ಬಿ.ಪಿ. ನೋಡುತ್ತೇನೆ. ರೂಮಿನಲ್ಲಿ ನನ್ನ ಜೊತೆ ರಿಸೆಪ್ಶನ್ನಿನ ಇವ್ಲಿನ್ ಇದ್ದಾಳೆ, ಉಡುಪಿ ಕಡೆಯವಳು. ಮೊದಲ ದಿನ ಅವಳು ಇಂಗ್ಲಿಷಿನಲ್ಲಿ ಒಂದೊಂದೇ ಶಬ್ದ ಬಿಡಿಸಿ, ನಿನ್ನದು ಆಫ್ರಿಕಾದ ಯಾವ ದೇಶ ಎಂದು ಕೇಳಿದಳು. ನಾನು ನಮ್ಮ ಕೊಂಕಣಿಯಲ್ಲಿ, ‘ಹಳಿಯಾಳದ ಕಡೆಯವಳು ಬಾಯಿ, ಚಹಾ ಉಂಟಾ?’ ಎಂದೆ. ಅವಳ ಕೈಯ ಲೋಟ ಬಿತ್ತು. ಆಮೇಲೆ ಅರ್ಧ ಗಂಟೆ ಕೂರಿಸಿಕೊಂಡು, ನಾವು ಸಿದ್ದಿಯರು, ನಮ್ಮ ಹಿರಿಯರನ್ನು ಪೋರ್ಚುಗೀಸರು ಹಡಗಿನಲ್ಲಿ ಗೋವೆಗೆ ತಂದರು, ಅವರು ಅಲ್ಲಿಂದ ಓಡಿ ಬಂದು ನಮ್ಮ ಕಾಡು ಸೇರಿದರು ಎಂದೆಲ್ಲ ಹೇಳಬೇಕಾಯಿತು. ‘ಅಯ್ಯೋ ಮಾರಾಯ್ತಿ, ನಮ್ಮ ಜಿಲ್ಲೆಯ ಪಕ್ಕದಲ್ಲೇ ಇದ್ದೀರಿ, ನನಗೆ ಗೊತ್ತೇ ಇಲ್ಲ!’ ಎಂದಳು.

ಇಲ್ಲಿ ಒಂದು ತಮಾಷೆ ಇದೆ. ಆಫ್ರಿಕಾದ ಜಾಂಜಿಬಾರಿನಿಂದ ವಾಪಸು ಬಂದ ಒಮಾನಿಗಳು ಬಹಳ. ನನ್ನನ್ನು ಕಂಡ ಕೂಡಲೇ ‘ಹುಜಾಂಬೋ’ ಎಂದು ಸ್ವಾಹಿಲಿಯಲ್ಲಿ ಶುರು ಮಾಡುತ್ತಾರೆ. ನಾನು ಕಣ್ಣು ಕಣ್ಣು ಬಿಡುತ್ತೇನೆ. ‘ಎಂಥ ಸೊಕ್ಕಿನ ಹುಡುಗಿ’ ಎಂದುಕೊಳ್ಳುತ್ತಾರೋ ಏನೋ.

ಈಗ ಅಸಲಿ ವಿಷಯ. ಇಲ್ಲಿ ಇರಬೇಕಾದರೆ ಸರ್ಕಾರದ ಕಾರ್ಡ್ ಆಗಬೇಕು. ಕ್ಲಿನಿಕ್ಕಿನ ಪರವಾಗಿ ಕಚೇರಿ ಅಲೆಯುವ ಸಲಾಂ ಎಂಬವನು ನನ್ನ ಪಾಸ್‌ಪೋರ್ಟ್ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ನನ್ನನ್ನು ನೋಡಿ, ಫೋಟೊ ನೋಡಿ, ‘ಸಿಸ್ಟರ್, ಯೇ ಕೌನ್ ಹೈ?’ ಎಂದ.

ಅಕ್ಕಾ, ಅವನ ತಪ್ಪಿಲ್ಲ. ಫೋಟೊದಲ್ಲಿ ನನ್ನ ಗುಂಗುರು ಕೂದಲಿಗೆ ನಿನ್ನ ಚೌರಿ ಕಟ್ಟಿ, ಉದ್ದ ಜಡೆ ಹೆಣೆದು ಹೆಗಲ ಮೇಲೆ ಇಳಿಬಿಟ್ಟಿದ್ದೇವೆ. ಮುಂದಲೆಗೆ ಎಣ್ಣೆ, ಪಿನ್ನು. ಅದರ ಮೇಲೆ ಸ್ಟುಡಿಯೊ ಬಾಬಣ್ಣ ‘ಟಚ್ ಫ್ರೀ, ತಂಗಿ’ ಎಂದು ಪೆನ್ಸಿಲು ಆಡಿಸಿ ಮೂಗು ಸಣ್ಣ ಮಾಡಿದ್ದಾನೆ, ಕೆನ್ನೆ ಬೆಳ್ಳಗೆ ಮಾಡಿದ್ದಾನೆ. ಅವತ್ತು ನಾವಿಬ್ಬರೂ ಎಷ್ಟು ಹಿಗ್ಗಿದ್ದೆವು! ವಿಮಾನ ಇಳಿಯುವಾಗ ಚೌರಿ ಕಟ್ಟಿ, ತಲೆ ಮೇಲೆ ದುಪಟ್ಟಾ ಹೊದ್ದಿದ್ದೆ. ಹಿಂದೆ ದೊಡ್ಡ ಸಾಲು ಇತ್ತು, ಪಾರಾದೆ. ಈ ಕಚೇರಿಯಲ್ಲಿ ಎದುರು ಕೂರಿಸಿ ನೋಡುತ್ತಾರಂತೆ. ನಾನಲ್ಲ ಎಂದುಬಿಟ್ಟರೆ? ಬೇರೆಯವಳ ಪಾಸ್‌ಪೋರ್ಟಿನಲ್ಲಿ ಬಂದವಳು ಎಂದು ವಾಪಸು ಅಟ್ಟಿದರೆ? ನಮ್ಮ ವಾಡದಿಂದ ಮೊದಲು ಹೊರಟವಳು ನಾನು. ನನ್ನ ಹಿಂದೆ ಇನ್ನೊಬ್ಬಳನ್ನು ಯಾರೂ ಕಳಿಸುವುದಿಲ್ಲ. ಏನು ಮಾಡಲಿ, ಬೇಗ ಬರೆ.

ನಿನ್ನ ತಂಗಿ
ಮಾರ್ಸೆಲಿನ್


ಗುಂಜಾಳವಾಡ, ಹಳಿಯಾಳ ತಾಲೂಕು
12 ಅಕ್ಟೋಬರ್ 1992

ಮಾರ್ಸಿ,

ಅವ್ವನ ಹಾಳೆ ಅವ್ವನಿಗೆ ಓದಿದೆ. ಪೂರಾ ಕೇಳಿ, ‘ಎಲ್ಲಾ ಛಲೋ ಐತಿ ಅಂತ ಬರದಾಳ? ಹಂಗಾರ ಏನೋ ಕೆಟ್ಟೈತಿ’ ಎಂದಳು. ನಿನ್ನ ಬುದ್ಧಿವಂತಿಕೆಗೆ ಇಷ್ಟು. ಮುಂದಿನ ಸಲ ಅವ್ವನ ಹಾಳೆಯಲ್ಲಿ ಒಂದು ಸೊಳ್ಳೆ ಕಾಟವನ್ನಾದರೂ ಬರೆ.

ನೀನೇನು ಇಷ್ಟಕ್ಕೆ ಹೆದರಿ ಸಾಯುತ್ತೀ? ಫೋಟೊ ನಿನ್ನ ಹಾಗಿಲ್ಲದಿದ್ದರೆ ನೀನು ಫೋಟೊದ ಹಾಗೆ ಆಗು. ಚೌರಿ ನಿನ್ನ ಟ್ರಂಕಿನಲ್ಲೇ ಇದೆಯಲ್ಲ. ಗಟ್ಟಿಯಾಗಿ ಕಟ್ಟು, ಎಣ್ಣೆ ಹಚ್ಚು, ಆ ಉಡುಪಿಯವಳ ಹತ್ತಿರ ಪೌಡರ್ ಕೇಳು, ಮೂಗಿನ ಎರಡೂ ಬದಿಗೆ ಸ್ವಲ್ಪ ಕಾಡಿಗೆ ಒರೆಸು. ನನ್ನ ಮದುವೆಯಲ್ಲಿ ನಾಟಕದ ಮಾಸ್ತರರು ನನಗೆ ಹಾಗೇ ಮಾಡಿದ್ದು. ಅವತ್ತು ಗಂಡಿನ ಕಡೆಯವರು ‘ಇವರಲ್ಲಿ ಇಂಥ ಉದ್ದ ಜಡೆಯ ಹುಡುಗಿ!’ ಎಂದು ಬಾಯಿಬಾಯಿ ಬಿಟ್ಟಿದ್ದರು. ನೆನಪಿರಲಿ, ಅದು ನನ್ನ ಮದುವೆಯ ಚೌರಿ. ಕೆಡಿಸಬೇಡ.

ಇನ್ನೊಂದು ಸುದ್ದಿ, ಹಿಗ್ಗಿ ಹೋಗಬೇಡ. ಬಾಬಣ್ಣ ನಿನ್ನ ಆ ಫೋಟೊ ದೊಡ್ಡದು ಮಾಡಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಹಾಕಿದ್ದಾನೆ. ಕೆಳಗೆ ‘ವಿದೇಶ ಪಾಸ್‌ಪೋರ್ಟ್ ಸ್ಪೆಷಲ್’ ಎಂದು ಬೋರ್ಡು. ಸಂತೆಗೆ ಬಂದ ನಮ್ಮ ಹುಡುಗಿಯರು ನಿಂತು ನಿಂತು ನೋಡುತ್ತಾರೆ. ಚಿಕ್ಕಪ್ಪನ ಮಗಳು ಜೇನ್ ಅಂತೂ ಅಲ್ಲಿಂದ ಕದಲುವುದೇ ಇಲ್ಲ.

ಮನೆಯಲ್ಲೂ ಒಂದು ಹಾಕಿದ್ದೇವೆ, ಅಪ್ಪನ ಫೋಟೊದ ಪಕ್ಕ. ಆದರೆ ಅವ್ವನ ಬುದ್ಧಿ ನಿನಗೆ ಗೊತ್ತಲ್ಲ. ಸತ್ತ ಅಪ್ಪನ ಫೋಟೊಗೆ ದಿನಾ ‘ಊಟ ಆತೇನ್ರಿ?’ ಎನ್ನುತ್ತಾಳೆ. ಕೋಳಿಯ ಜೊತೆ ಮಾತಾಡುತ್ತಾಳೆ, ಒಲೆಯ ಜೊತೆ ಜಗಳಾಡುತ್ತಾಳೆ. ನಿನ್ನ ಫೋಟೊಗೆ ಮಾತ್ರ ಒಂದೇ ಒಂದು ಮಾತಿಲ್ಲ. ನೀನು ಹೋದ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಕಾಣುತ್ತದೆ.

ಧೈರ್ಯವಾಗಿರು. ಕಾರ್ಡ್ ಆದ ಕೂಡಲೇ ಬರೆ.

ಡೊರೊತಿ


ನಿಜ್ವಾ
5 ನವೆಂಬರ್ 1992

ಅಕ್ಕಾ,

ನಿನ್ನ ಮಾತು ಕೇಳಿ ಕೆಟ್ಟೆ.

ಬೈಯುತ್ತಿಲ್ಲ. ನೀನು ಬರೆಯದಿದ್ದರೂ ನಾನೇ ಅದನ್ನೇ ಮಾಡುತ್ತಿದ್ದೆನೋ ಏನೋ. ಬೆಳಿಗ್ಗೆ ಇವ್ಲಿನ್ ಪೌಡರ್ ಹಾಕಿದಳು, ನಾನು ಚೌರಿ ಕಟ್ಟಿದೆ. ಕನ್ನಡಿಯಲ್ಲಿ ನೋಡಿದರೆ ಫೋಟೊದ ಹಾಗೂ ಇಲ್ಲ, ನನ್ನ ಹಾಗೂ ಇಲ್ಲ. ಇವ್ಲಿನ್ ‘ಸಾಕು ಮಾರಾಯ್ತಿ, ಇನ್ನು ಹಾಕಿದ್ರೆ ದೋಸೆ ಹಿಟ್ಟಿನ ಹಾಗೆ ಕಾಣ್ತದೆ’ ಎಂದಳು. ಕ್ಲಿನಿಕ್ಕಿನ ವ್ಯಾನ್ ಓಡಿಸುವ ಕೊಗ್ಗಣ್ಣ ನನ್ನನ್ನು ನೋಡಿ ರೇಡಿಯೊ ಆಫ್ ಮಾಡಿದರು.

ಕಚೇರಿಯಲ್ಲಿ ಹೆಂಗಸರಿಗೆ ಬೇರೆ ಕೋಣೆ. ಅಲ್ಲಿ ಕೂತಿದ್ದವಳು ನಫೀಸಾ ಎಂಬ ಯುವತಿ, ಯೂನಿಫಾರಂ ಹಾಕಿದ್ದಳು. ಅಕ್ಕಾ, ಅವಳು ನಮ್ಮ ಹಾಗೇ ಇದ್ದಳು! ಅದೇ ಬಣ್ಣ, ಅದೇ ಮೂಗು, ಅದೇ ಹಣೆ. ನನಗೆ ಒಂದು ಕ್ಷಣ ಚಿಕ್ಕಮ್ಮನ ಮಗಳೇ ಕೂತಿದ್ದಾಳೆ ಅನ್ನಿಸಿತು. ಅವಳು ಅರಬ್ಬಿಯಲ್ಲಿ ಕೇಳಿದಳು, ಆಮೇಲೆ ಸ್ವಾಹಿಲಿಯಲ್ಲಿ, ಕೊನೆಗೆ ಹಿಂದಿಯಲ್ಲಿ. ಪಾಸ್‌ಪೋರ್ಟ್ ನೋಡಿದಳು. ಎದ್ದು ಬಂದು ನನ್ನ ತಲೆ ಮೇಲಿನ ದುಪಟ್ಟಾ ಸರಿಸಿದಳು. ಕಿವಿಯ ಹಿಂದಿನ ಪಿನ್ನು ಎಳೆದಳು.

ಚೌರಿ ಅವಳ ಕೈಗೆ ಬಂತು. ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದಿದ್ದಳು. ನಾನು ಅಳುವುದಕ್ಕೆ ಶುರು ಮಾಡಿದೆ, ಕಣ್ಣೀರಿನಲ್ಲಿ ಪೌಡರ್ ಗೆರೆ ಗೆರೆಯಾಗಿ ಇಳಿಯಿತು. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

‘ಇದು ಯಾಕೆ?’ ಎಂದಳು.

‘ಫೋಟೊದಂತೆ ಕಾಣಲಿ ಅಂತ.’

‘ಫೋಟೊದಲ್ಲಿ ಯಾಕೆ?’

ಅದಕ್ಕೆ ನನ್ನ ಹತ್ತಿರ ಹಿಂದಿ ಇರಲಿಲ್ಲ. ಕನ್ನಡವೂ ಇರಲಿಲ್ಲ. ಶಾಲೆಯಲ್ಲಿ ಹಿಂದಿನ ಬೆಂಚಿನವರು ನನ್ನ ಕೂದಲಲ್ಲಿ ಕಡ್ಡಿ ಸಿಕ್ಕಿಸಿ ಬೀಳುತ್ತದೋ ಇಲ್ಲವೋ ಎಂದು ಆಟ ಆಡುತ್ತಿದ್ದದ್ದನ್ನು ಅವಳಿಗೆ ಹೇಗೆ ಹೇಳಲಿ?

ಸುಳ್ಳು ವೇಷ ಹಾಕಿ ಬಂದದ್ದರಿಂದ ಈಗ ಅನುಮಾನ ಎರಡು ಪಟ್ಟಾಗಿದೆ. ಪಾಸ್‌ಪೋರ್ಟನ್ನೂ ಚೌರಿಯನ್ನೂ ಒಂದೇ ಕವರಿಗೆ ಹಾಕಿ ಇಟ್ಟುಕೊಂಡಳು. ಕೆಟ್ಟವಳಲ್ಲ, ಕಾಯಿದೆ ಹೇಳಿದಳು: ಈಗಿರುವ ಮುಖದ ಹೊಸ ಫೋಟೊಗೆ ಮಸ್ಕತ್ತಿನಲ್ಲಿರುವ ನಮ್ಮ ದೇಶದ ಎಂಬೆಸಿಯ ಮುದ್ರೆ ಬೇಕು, ಪಾಸ್‌ಪೋರ್ಟಿನವಳೂ ನಾನೂ ಒಬ್ಬಳೇ ಎಂದು ಅವರು ಬರೆದು ಕೊಡಬೇಕು. ಅದಕ್ಕೆ ಊರಿನ ಕಾಗದ ಬೇಕು. ಹೊಸ ವರ್ಷದ ಮೊದಲ ವಾರದೊಳಗೆ ಆಗದಿದ್ದರೆ ಕಫೀಲ್, ಅಂದರೆ ನನಗೆ ವೀಸಾ ಕೊಡಿಸಿದ ಯಜಮಾನ, ನನ್ನನ್ನು ವಾಪಸು ಕಳಿಸುತ್ತಾನೆ ಎಂದು ಮ್ಯಾನೇಜರ್ ಹೇಳಿದ್ದಾರೆ. ಅಲ್ಲಿಯವರೆಗೆ ಡ್ಯೂಟಿ ಇಲ್ಲ. ರೂಮಿನಲ್ಲಿ ಕೂತು ಗೋಡೆ ನೋಡುತ್ತಿದ್ದೇನೆ.

ಶಾಲೆಯ ಸರ್ಟಿಫಿಕೇಟು, ಇಗರ್ಜಿಯ ಕಾಗದ, ತಹಶೀಲ್ದಾರರ ಕಚೇರಿಯಿಂದ ವಾಸದ ದಾಖಲೆ ಕಳಿಸು. ಮತ್ತೆ ನಾನು ನಾನಾಗಿರುವ ಒಂದು ಫೋಟೊ. ಇದೆಯಾ ಅಂಥದ್ದು?

ಮಾರ್ಸೆಲಿನ್


ನಿಜ್ವಾ
29 ನವೆಂಬರ್ 1992

ಅಕ್ಕಾ,

ನಿನ್ನ ಪತ್ರ ಇನ್ನೂ ಬಂದಿಲ್ಲ. ಕೊಗ್ಗಣ್ಣ ಕ್ಲಿನಿಕ್ಕಿನ ಪೋಸ್ಟ್ ಬಾಕ್ಸ್ ತೆರೆಯಲು ಹೋದಾಗಲೆಲ್ಲ ನಾನು ಗೇಟಿನಲ್ಲಿ ನಿಲ್ಲುತ್ತೇನೆ. ದೂರದಿಂದಲೇ ಕೈ ಆಡಿಸಿ ‘ಇಲ್ಲ’ ಎನ್ನುತ್ತಾರೆ. ಆಮೇಲೆ ‘ಎಂತ ಸಾವು ಈ ಟಪಾಲು!’ ಎಂದು ನನ್ನ ಪರವಾಗಿ ಬೈಯುತ್ತಾರೆ.

ಒಬ್ಬಳೇ ಇದ್ದರೆ ಹುಚ್ಚು ಹಿಡಿಯುತ್ತದೆ ಎಂದು ಹಲೀಮಾಳ ಮನೆಗೆ ಹೋಗುತ್ತೇನೆ. ಸಕ್ಕರೆ ಕಾಯಿಲೆಯ ಮುದುಕಿ, ಅವಳ ಕಾಲಿನ ಹುಣ್ಣಿಗೆ ನಾನೇ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಜಾಂಜಿಬಾರಿನಲ್ಲಿ ಹುಟ್ಟಿದವಳು. ನಾನು ನಿಮ್ಮವಳಲ್ಲ, ಇಂಡಿಯಾದವಳು ಎಂದು ಎಷ್ಟು ಹೇಳಿದರೂ ತಲೆ ಆಡಿಸಿ ಮತ್ತೆ ಸ್ವಾಹಿಲಿಯಲ್ಲೇ ಮಾತಾಡುತ್ತಾಳೆ. ಮೊನ್ನೆ ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಕೂದಲನ್ನು ನೆತ್ತಿಯ ಉದ್ದಕ್ಕೂ ಸಾಲು ಸಾಲಾಗಿ ಹೆಣೆದಳು. ಒಂದು ಕಡೆಯೂ ಎಳೆದು ನೋಯಿಸಲಿಲ್ಲ. ಅಕ್ಕಾ, ನನ್ನ ಕೂದಲನ್ನು ಬಾಚುತ್ತಾ ಬೈಯದೇ ಇದ್ದವಳು ಇವಳೇ ಮೊದಲು. ನಿನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡೆ. ಚೆನ್ನಾಗಿದೆ ಅನ್ನಿಸಿತು. ಆಮೇಲೆ ಹೆದರಿಕೆಯಾಯಿತು. ಈ ತಲೆಯಲ್ಲಿ ಎಂಬೆಸಿಗೆ ಹೋದರೆ ನನ್ನನ್ನು ಇಂಡಿಯಾದವಳು ಎಂದು ಯಾರು ನಂಬುತ್ತಾರೆ? ಚೌರಿ ಕಟ್ಟಿದರೆ ಸುಳ್ಳಿ, ಕಟ್ಟದಿದ್ದರೆ ಪರದೇಶದವಳು. ಬೇಗ ಬರೆ, ದಮ್ಮಯ್ಯ.

ಮಾರ್ಸಿ


ಗುಂಜಾಳವಾಡ
30 ನವೆಂಬರ್ 1992

ಮಾರ್ಸಿ,

ತಡವಾಯಿತು, ನನಗೂ ಗೊತ್ತು. ಕೇಳು.

ಶಾಲೆಯ ಹೆಡ್‌ಮಾಸ್ತರರು ಅವತ್ತೇ ಕೊಟ್ಟರು. ಫಾದರ್ ಕೂಡ ನೀನು ಇದೇ ಇಗರ್ಜಿಯಲ್ಲಿ ಜ್ಞಾನಸ್ನಾನ ಪಡೆದವಳು ಎಂದು ಬರೆದು ಸೀಲು ಒತ್ತಿದರು. ಸತಾಯಿಸಿದ್ದು ವಾಸದ ದಾಖಲೆ. ಕಚೇರಿಯ ಒಬ್ಬ ಹೊಸ ಗುಮಾಸ್ತ ನನ್ನ ಮುಖ ನೋಡಿ, ‘ನಿಮ್ಮದು ಮೂಲ ಯಾವ ದೇಶಾರಿ?’ ಎಂದ. ನನಗೆ ಮೈಯೆಲ್ಲ ಉರಿಯಿತು. ‘ನಿಮ್ಮ ಕಚೇರಿಗೆ ಕಟ್ಟಿಗಿ ಹೊತ್ತು ಹಾಕಿದವರು ನಮ್ಮ ಅಜ್ಜಾರು, ನಿಮ್ಮ ಮೂಲ ಯಾವುದ್ರಿ?’ ಎಂದೆ. ಹಿಂದೆ ಬೆಂಚಿನಲ್ಲಿ ಕಾಯುತ್ತಿದ್ದವರು ನಕ್ಕರು. ಅವನು ಕಾಗದ ಒಂದು ವಾರ ಮೇಜಿನ ಮೇಲಿಟ್ಟು ಸಿಟ್ಟು ತೀರಿಸಿಕೊಂಡ. ನನ್ನ ಬಾಯಿಯಿಂದ ನಿನ್ನ ಕೆಲಸ ತಡವಾಯಿತು. ಏನು ಮಾಡಲಿ, ಬಾಯಿ ನಿಲ್ಲಲಿಲ್ಲ.

ನೀನು ನೀನಾಗಿರುವ ಫೋಟೊ ಇಡೀ ಮನೆಯಲ್ಲಿ ಒಂದೇ ಸಿಕ್ಕಿತು. ತಾಲೂಕು ಕ್ರೀಡಾಕೂಟದಲ್ಲಿ ಓಟ ಗೆದ್ದಾಗಿನದು. ಬರಿಗಾಲು, ಕೈಯಲ್ಲಿ ಶೀಲ್ಡು, ತಲೆ ಜೇನುಗೂಡಿನ ಹಾಗೆ. ಹಿಂದೆ ಶಾಲೆಯ ಬೋರ್ಡು ಕನ್ನಡದಲ್ಲಿ ಸ್ಪಷ್ಟವಾಗಿದೆ. ಅದು ಅವ್ವನ ಪ್ರಾರ್ಥನೆ ಪುಸ್ತಕದೊಳಗಿತ್ತು. ನನಗೇ ಗೊತ್ತಿರಲಿಲ್ಲ. ಕೇಳಿದರೆ ಕೊಡಲಿಲ್ಲ. ಯಾಕೆ ಬೇಕು ಎಂದು ಎಲ್ಲ ಹೇಳಬೇಕಾಯಿತು, ಕ್ಷಮಿಸು. ಪೂರಾ ಕೇಳಿ, ಫೋಟೊ ಕೈಗಿಟ್ಟು, ‘ವಾಪಸ್ ಬರಬೇಕು ಮತ್ತ ಇದು’ ಎಂದಳು.

ಇನ್ನೊಂದು ಸಂಕಟ. ಜೇನ್ ಕೂಡ ಪಾಸ್‌ಪೋರ್ಟಿಗೆ ಹಾಕಬೇಕೆಂದು ಹಟ ಹಿಡಿದಿದ್ದಾಳೆ. ಬಾಬಣ್ಣನ ಹತ್ತಿರ ಹೋಗಿ ಗಾಜಿನೊಳಗಿನ ನಿನ್ನ ಫೋಟೊ ತೋರಿಸಿ, ‘ನನ್ನೂ ಹಿಂಗ ಮಾಡು’ ಎಂದಳಂತೆ. ಅವನು ಹೂಂ ಎಂದಿದ್ದಾನೆ. ಚೌರಿ ಕೇಳಿಕೊಂಡು ನನ್ನ ಬಳಿ ಬಂದಳು. ಅದು ನಿಜ್ವಾದ ಕಚೇರಿಯಲ್ಲಿ ಜಪ್ತಿ ಆಗಿದೆ ಎಂದರೆ ನಂಬಲಿಲ್ಲ. ‘ನಾ ಕರಿ ಅದೇನಿ ಅಂತ ಕೊಡಾಕವಲ್ಲಿ’ ಎಂದು ಅತ್ತು ಹೋದಳು.

ಕಾಗದ ತಲುಪಿದ ಕೂಡಲೇ ತಿಳಿಸು. ಅವ್ವ ಊಟ ಬಿಟ್ಟಿದ್ದಾಳೆ. ಬಿಟ್ಟಿಲ್ಲ ಅಂತ ಅವಳು ಹೇಳುತ್ತಾಳೆ.

ಡೊರೊತಿ


ನಿಜ್ವಾ
7 ಜನವರಿ 1993

ಅಕ್ಕಾ,

ಕಾರ್ಡ್ ಆಯಿತು!

ಮೊದಲು ಅವ್ವನಿಗೆ ಹೇಳು, ಆಮೇಲೆ ಓದು. ಹೇಳಿದೆಯಾ?

ನಿನ್ನ ಕವರು ಬಂದ ದಿನ ಕೊಗ್ಗಣ್ಣ ವ್ಯಾನಿನ ಹಾರ್ನ್ ಒತ್ತುತ್ತಲೇ ಗೇಟಿಗೆ ಬಂದರು. ಹೊಸ ಫೋಟೊ ತೆಗೆಸಲು ಇಲ್ಲಿನ ಪೇಟೆಯ, ಸೂಕಿನ, ಸ್ಟುಡಿಯೊಗೆ ಹೋದೆ. ಅಲ್ಲಿನ ಮಲಯಾಳಿ ನನ್ನನ್ನು ಕೂರಿಸಿ, ದೀಪ ಹತ್ತಿರ ಎಳೆದು, ‘ಲೈಟ್ ಜ್ಯಾದಾ ಕರೂಂ? ಗೋರಿ ದಿಖೇಗಿ’ ಎಂದ, ಬೆಳ್ಳಗೆ ಕಾಣಿಸುತ್ತಾನಂತೆ. ‘ಬೇಡ! ನಹೀ! ಖಲಾಸ್!’ ಎಂದು ನನಗೆ ಗೊತ್ತಿರುವ ಎಲ್ಲ ಭಾಷೆಯಲ್ಲೂ ಕಿರುಚಿದೆ. ಹೊರಗೆ ನಿಂತಿದ್ದ ಕೊಗ್ಗಣ್ಣ ಓಡಿ ಬಂದರು. ಪಾಪ, ಆ ಮನುಷ್ಯ ದೀಪ ಹಿಂದಕ್ಕೆ ತಳ್ಳಿದ.

ಫೋಟೊದಲ್ಲಿ ಹಲೀಮಾ ಹೆಣೆದ ತಲೆ ಇದೆ. ಬಿಚ್ಚಲೋ ಬೇಡವೋ ಎಂದು ಬಹಳ ಒದ್ದಾಡಿದೆ. ಕೊನೆಗೆ ಬಿಚ್ಚಲಿಲ್ಲ. ಮಸ್ಕತ್ತಿನ ದಾರಿಯುದ್ದಕ್ಕೂ ಕಾಗದಗಳನ್ನು ಮತ್ತೆ ಮತ್ತೆ ಎಣಿಸಿದೆ. ಎಂಬೆಸಿಯ ಕೌಂಟರಿನವರು ಕಾಗದಗಳನ್ನೆಲ್ಲ ನೋಡಿ, ಒಳಗಿನಿಂದ ಕನ್ನಡ ಬಲ್ಲ ಒಬ್ಬ ಹಿರಿಯರನ್ನು ಕರೆದರು. ಅವರು ಶೀಲ್ಡು ಹಿಡಿದ ಫೋಟೊವನ್ನೂ ಹೊಸ ಫೋಟೊವನ್ನೂ ಪಕ್ಕಪಕ್ಕ ಇಟ್ಟರು. ಬೋರ್ಡು ಓದಿದರು. ‘ಎಷ್ಟು ಮೀಟರ್ ಓಟ ಇದು?’ ಎಂದು ಕೇಳಿದರು. ‘ನಾನೂರು, ಸರ್. ಎರಡನೇ ಬಂದವಳು ದಾಂಡೇಲಿಯವಳು, ಕಾಲು ಅಡ್ಡ ಹಾಕಿದ್ದಳು’ ಎಂದೆ. ನಕ್ಕುಬಿಟ್ಟರು. ಸಲಾಂ ಕಚೇರಿಯಿಂದ ತಂದುಕೊಟ್ಟ ಪಾಸ್‌ಪೋರ್ಟ್ ನಕಲಿನಲ್ಲಿದ್ದ ಫೋಟೊ ತೋರಿಸಿ, ‘ಈ ಹುಡುಗಿ ಮಾತ್ರ ಯಾರೂ ಅಲ್ಲಮ್ಮ’ ಎಂದು ಹೊಸದಕ್ಕೆ ಮುದ್ರೆ ಒತ್ತಿದರು.

ಕಾರ್ಡ್ ಕೊಡುವಾಗ ನಫೀಸಾ ಚೌರಿಯನ್ನೂ ಕವರಿನಲ್ಲಿ ವಾಪಸು ಕೊಟ್ಟಳು. ನನ್ನ ತಲೆ ನೋಡಿ, ಹೆಣೆದವರು ಯಾರು ಎಂದು ವಿಚಾರಿಸಿದಳು. ಹಲೀಮಾಳ ಮನೆ ಎಲ್ಲಿ ಎಂದು ಚೀಟಿಯಲ್ಲಿ ಬರೆಸಿಕೊಂಡಳು!

ಇವ್ಲಿನ್ ರಜೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಚೌರಿ, ಅವ್ವನಿಗೆ ಮರಳಿಸಬೇಕಾದ ಶೀಲ್ಡಿನ ಫೋಟೊ, ನನ್ನ ಹೊಸ ಫೋಟೊದ ದೊಡ್ಡ ಪ್ರತಿ ಮೂರನ್ನೂ ಕೊಟ್ಟಿದ್ದೇನೆ. ಊರು ಮುಟ್ಟಿದ ಮೇಲೆ ರಿಜಿಸ್ಟರ್ ಮಾಡಿ ನಿನಗೆ ಕಳಿಸುತ್ತಾಳೆ. ಚೌರಿ ನಿನ್ನದು, ಏನಾದರೂ ಮಾಡಿಕೋ. ಜೇನ್‌ಗೆ ಮಾತ್ರ ಕೊಡಬೇಡ ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ. ನಾನು ಪಟ್ಟ ಪಾಡು ಅವಳಿಗೆ ಬೇಡ. ಆ ಗಾಜಿನೊಳಗೆ ಕೂತಿರುವವಳನ್ನು ಹೇಗಾದರೂ ಮಾಡಿ ಇಳಿಸು.

ನಿನ್ನ
ಮಾರ್ಸೆಲಿನ್


ಗುಂಜಾಳವಾಡ
15 ಫೆಬ್ರವರಿ 1993

ಮಾರ್ಸಿ,

ರಿಜಿಸ್ಟರ್ ಬಂತು. ಚೌರಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಎಸೆ ಎಂದು ನೀನು ಹೇಳಲಿಲ್ಲ, ಒಳ್ಳೆಯದು ಮಾಡಿದೆ. ನನ್ನ ಮದುವೆ ದಿನ ಅದು. ಅವತ್ತು ನಾನು ಬಹಳ ಚೆಂದ ಕಂಡಿದ್ದೆ. ಹಾಗಂತ ನಾನು ಇವತ್ತಿಗೂ ನಂಬುತ್ತೇನೆ. ಅದನ್ನು ನನ್ನಿಂದ ಕಿತ್ತುಕೊಳ್ಳಬೇಡ.

ಸಂತೆಯ ದಿನ ಅವ್ವನನ್ನೂ ಜೇನ್‌ಳನ್ನೂ ಕರೆದುಕೊಂಡು ಬಾಬಣ್ಣನ ಅಂಗಡಿಗೆ ಹೋದೆ. ಹೊಸ ಫೋಟೊ ಮುಂದಿಟ್ಟೆ. ‘ಇದೇನಕ್ಕ, ಟಚ್ ಇಲ್ಲ, ಏನಿಲ್ಲ! ಇದನ್ನ ಹಾಕಿದ್ರ ಗಿರಾಕಿ ಬರ್ತಾರೇನು?’ ಎಂದ. ‘ನಿನ್ನ ಟಚ್‌ದಾಗ ನಮ್ಮ ಹುಡುಗಿ ಪೊಲೀಸರ ಮುಂದ ಕುಂತು ಅತ್ತಾಳ. ತೆಗೀತೀಯೋ, ಇಲ್ಲಾ ಸಂತಿ ಮಂದಿನ್ನೆಲ್ಲ ಇಲ್ಲೇ ಕರೀಲೋ?’ ಎಂದೆ. ಅವನಿಗೆ ನನ್ನ ಬಾಯಿಯ ಪರಿಚಯ ಇದೆ. ತೆಗೆದ. ಗಾಜು ಒರೆಸಿ ನಿನ್ನದನ್ನು ಹಾಕಿದ.

ಜೇನ್ ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನಕ್ಕೆ, ‘ಆ ಹೆಣಿಗಿ ನಿನಗ ಬರ್ತೈತೇನಕ್ಕ?’ ಎಂದಳು. ನನಗೆ ಬರುವುದಿಲ್ಲ. ನಿನ್ನ ಆ ಮುದುಕಿಯ ಹತ್ತಿರ ಕಲಿತು ಬಾ.

ಅವ್ವ ಅಂಗಡಿಯ ಮೆಟ್ಟಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಈಗ ಅಷ್ಟು ಸರಿಯಿಲ್ಲ, ನಿನಗೆ ಹೇಳಿರಲಿಲ್ಲ. ಹತ್ತಿರ ಬಂದು, ಮುಖ ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದಳು. ಇಷ್ಟು ದಿನ ಗೋಡೆಯ ಮೇಲಿನ ನಿನ್ನ ಫೋಟೊಗೆ ಮಾತಾಡದೇ ಇದ್ದದ್ದು ಸಿಟ್ಟಿಗೆ ಅಂತ ನಾನು ತಿಳಿದಿದ್ದೆ. ಅಲ್ಲ ಮಾರ್ಸಿ. ಅವಳಿಗೆ ಅದು ಯಾರು ಅಂತಲೇ ಗೊತ್ತಾಗಿರಲಿಲ್ಲ. ಕೇಳಿದರೆ ನಾನು ಬೈಯುತ್ತೇನೆ ಅಂತ ಸುಮ್ಮನಿದ್ದಳಂತೆ.

ಬಜಾರದ ನಡುವೆ, ಬಾಬಣ್ಣನ ಎದುರು, ಆ ಗಾಜಿನ ಮೇಲೆ ಅಂಗೈ ಇಟ್ಟು ಅವ್ವ ಕೇಳಿದಳು: ‘ಮಾರ್ಸೀ, ಊಟ ಆತೇನ?’

ಉತ್ತರ ಬರೆ. ಗಟ್ಟಿಯಾಗಿ ಓದುತ್ತೇನೆ.

ನಿನ್ನ ಅಕ್ಕ
ಡೊರೊತಿ